ಮೊಲದ ಕರುಳು, ಮದ್ದುಸೊಪ್ಪು ಮತ್ತು ನಮ್ಮ ಶಾಲೆಯ ಲ್ಯಾಬು

ಆತ್ಮೀಯರೇ,

ಈ ಸಲ ಕಕ್ಕಡ ಹದಿನೆಂಟು (ಕೊಡಗಿನವರು ಮದ್ದುಸೊಪ್ಪು ಅನ್ನುವ ಔಷಧಿ ಗಿಡದ ರಸದಲ್ಲಿ ಪಾಯಸ ಮಾಡಿ ತಿನ್ನುವ ಮಳೆಗಾಲದ ದಿನ) ಕಳೆದ ಮಾರನೇ ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಿಜ್ಞಾನದ ಮೇಷ್ಟ್ರನ್ನು ಕೇಳಿದಳು: "ಸಾರ್, ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಯಾಕೆ ಕೆಂಪಾಗುತ್ತೆ?" ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲವಂತೆ. ಆದರೆ ಪ್ರಶ್ನೆ ಚೆನ್ನಾಗಿದೆ, ಅಲ್ವಾ?

ಅವರು ಉತ್ತರದ ಬದಲು, ಇಂಥದ್ದೇ ಒಂದು 'ಯಾಕೆ'ಗೆ ಪ್ರಯೋಗ ಮಾಡಿ ಉತ್ತರ ಕಂಡುಕೊಂಡ ಕಾಲರಾ ವಿಜ್ಞಾನಿ ಶಂಭುನಾಥ ಡೇ ಅವರ ಕತೆ ಹೇಳಿದರು. 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಹುಟ್ಟಿದವರು. ಕಲ್ಕತ್ತಾದಲ್ಲಿ ಡಾಕ್ಟರಿಕೆ ಓದಿ, ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿ, ಮತ್ತೆ ಕಲ್ಕತ್ತಾಕ್ಕೇ ಬಂದರು. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1884ರಲ್ಲಿ ಅದೇ ಊರಿನಲ್ಲಿ ಗುರುತಿಸಿದ್ದರು. ಅದು ವಿಷ ಬಿಡುತ್ತಿರಬೇಕು ಅಂತ ಊಹೆಯೂ ಇತ್ತು. ತೋರಿಸಿಕೊಟ್ಟವರು ಮಾತ್ರ ಇರಲಿಲ್ಲ.

ಡೇ ಮಾಡಿದ್ದು ಇಷ್ಟು. ಮೊಲದ ಸಣ್ಣ ಕರುಳಿನ ಒಂದು ಭಾಗಕ್ಕೆ ಎರಡೂ ಕಡೆ ದಾರ ಕಟ್ಟಿ, ನಡುವೆ ಬ್ಯಾಕ್ಟೀರಿಯಾ ಬಿಟ್ಟರು. ಆ ಭಾಗ ನೀರು ತುಂಬಿ ಊದಿಕೊಂಡಿತು. ಆಮೇಲೆ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವದಿಂದ ಬ್ಯಾಕ್ಟೀರಿಯಾವನ್ನೇ ಸೋಸಿ ತೆಗೆದು, ಬರೀ ತಿಳಿಯನ್ನು ಕರುಳಿಗೆ ಹಾಕಿ ನೋಡಿದರು. ಆಗಲೂ ಊದಿತು! ಅಂದರೆ ತಿಳಿಯಲ್ಲೇ ವಿಷವಿದೆ, ಅದೇ ಕರುಳಿನಿಂದ ನೀರು ಸುರಿಸುತ್ತಿದೆ. 1959ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಸಲ ನೊಬೆಲ್‌ಗೆ ಡೇ ಅವರ ಹೆಸರು ಸೂಚಿಸಿದರು. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಿಕೊಳ್ಳಲಿಲ್ಲ. 1985ರಲ್ಲಿ ತೀರಿಕೊಂಡರು. (ಇದನ್ನು ಹೇಳುವಾಗ ಮೇಷ್ಟ್ರಿಗೆ ಸಿಟ್ಟು ಬರುತ್ತೆ. ನಮಗೂ.)

ದಾರ, ಸೋಸುವ ಸಾಧನ, ಮೈಕ್ರೋಸ್ಕೋಪು. ದುಬಾರಿ ಯಂತ್ರಗಳ ಕತೆ ಅಲ್ಲ ಇದು. ಆದರೆ ಅಷ್ಟಾದರೂ ಬೇಕಲ್ಲ. ಸೋಮವಾರಪೇಟೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಇರುವುದು ಒಂದೇ ಮೈಕ್ರೋಸ್ಕೋಪು. ಕೊಡಗಿನ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲಿ ಲೆನ್ಸಿನ ಬೂಷ್ಟು ಬಿಟ್ಟು ಬೇರೇನೂ ಕಾಣುವುದಿಲ್ಲ.

ನಮಗೆ ಬೇಕಿರುವುದು ಆರು ಮೈಕ್ರೋಸ್ಕೋಪು, ಅವನ್ನು ಬೆಚ್ಚಗಿಡಲು ಒಳಗೆ ಬಲ್ಬು ಉರಿಯುವ ಒಂದು ಬೀರು, ಒಂದಿಷ್ಟು ಗಾಜಿನ ಸಾಮಾನು, ಫಿಲ್ಟರ್ ಪೇಪರು. ಮದ್ದುಸೊಪ್ಪಿನ ರಸದ ಬಣ್ಣಗಳನ್ನು ಪೇಪರಿನ ಮೇಲೆ ಬೇರೆ ಮಾಡಿ ನೋಡುವುದು ಆ ಹುಡುಗಿಯ ಮೊದಲ ಕೆಲಸ. ಲಿಂಬೆರಸ, ಸೋಡಾ ಹಾಕಿದರೆ ಬಣ್ಣ ಬದಲಾಗುತ್ತಾ ಅನ್ನುವುದು ಎರಡನೆಯದು.

ಇಲ್ಲಿ ಓದುವವರಲ್ಲಿ ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳೇ ಜಾಸ್ತಿ. ಅವರ ಮನೆಯವರನ್ನು ಕೇಳಲು ನಮಗೆ ಮನಸ್ಸಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇವೆ. ನೂರು ರೂಪಾಯಿಯೂ ಸರಿ, ಒಂದಿಡೀ ಮೈಕ್ರೋಸ್ಕೋಪೂ ಸರಿ. ಕಾಫಿ ಮಾರಿದ ಮೇಲೆ ಕೊಡುತ್ತೇವೆ ಅಂದರೂ ಬೇಜಾರಿಲ್ಲ, ಸುಮ್ನೆ ಹೆಸರು ಬರೆಸಿಟ್ಟಿರಿ. ಶಾಲೆಯ ಆಫೀಸಿನಲ್ಲಿ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಮನೆಯಲ್ಲಿ ಹಳೇ ಬೀರು ಇದ್ದರೆ ಹೇಳಿ, ಜೀಪು ತಂದು ನಾವೇ ಒಯ್ಯುತ್ತೇವೆ.

ಇಂತಿ,
ಶಾಲಾಭಿವೃದ್ಧಿ ಸಮಿತಿ