ಮಗಳಿಗೊಂದು ಪತ್ರ: ಬೇಸಿಗೆಯ ಆ ಎಕನಾಮಿಕ್ಸ್ ಪ್ರೋಗ್ರಾಂ ಬಗ್ಗೆ

ಪುಟ್ಟಿ,

ನೀನು ಕಳಿಸಿದ, ಹೈಸ್ಕೂಲಿನವರಿಗೆ ಅಂತ ನಡೆಸುವ ಬೇಸಿಗೆ ಪ್ರೋಗ್ರಾಂಗಳ ಪಟ್ಟಿ ಪೂರ್ತಿ ನೋಡಿದೆ. ಮಾತಾಡೋಣ ಅಂದರೆ ಕಾರು ಹತ್ತಿದ ತಕ್ಷಣ ನಿನ್ನ ಕಿವಿಗೆ ಇಯರ್‌ಬಡ್ ಸೇರಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ. ಶನಿವಾರಗಳಲ್ಲಿ ಕನ್ನಡ ಕ್ಲಾಸಿಗೆ ಡ್ರೈವ್ ಮಾಡಿದ್ದಕ್ಕೆ ಸ್ವಲ್ಪ ಬಡ್ಡಿಯಾದರೂ ಬರಲಿ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ದೊಡ್ಡ ಯೂನಿವರ್ಸಿಟಿ ಹೆಸರಿರುವ ಎರಡು-ಮೂರು ವಾರದ ಕೋರ್ಸುಗಳಿಗೆ 7,000 ಡಾಲರ್, ಕೆಲವಕ್ಕೆ 10,000ದ ಹತ್ತಿರ, ವಿಮಾನದ ಖರ್ಚು ಬೇರೆ. ಅಷ್ಟು ನಾವು ಕೊಡುವುದಿಲ್ಲ. ಇವುಗಳಲ್ಲಿ ಎಷ್ಟೋ ಕೋರ್ಸನ್ನು ಆ ಯೂನಿವರ್ಸಿಟಿ ನಡೆಸುವುದೇ ಇಲ್ಲ. ಬೇಸಿಗೆಯಲ್ಲಿ ಡಾರ್ಮು, ಕ್ಲಾಸ್‌ರೂಮು ಖಾಲಿ ಇರುತ್ತವೆ, ಯಾವುದೋ ಕಂಪನಿ ಬಾಡಿಗೆಗೆ ಹಿಡಿಯುತ್ತದೆ, ಬ್ರೋಷರಿನಲ್ಲಿ ಆ ಕಟ್ಟಡದ ಫೋಟೋ ಹಾಕುತ್ತದೆ. ಛತ್ರ ಬಾಡಿಗೆಗೆ ಹಿಡಿದವರೆಲ್ಲ ಛತ್ರದ ಓನರ್ ಆಗುತ್ತಾರಾ? ಆ ಬಂಗಾರದ ಬಣ್ಣದ ಸೀಲ್ ಹಾಕಿದ ಕವರ್ ಬಂತಲ್ಲ, ‘ನಿಮ್ಮ ಮಗಳು ನಾಮಿನೇಟ್ ಆಗಿದ್ದಾಳೆ’ ಅಂತ, ಅಪ್ಪ ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಮೈಸೂರಿನಿಂದ ಚಿಕ್ಕಪ್ಪ ಕಂಗ್ರಾಟ್ಸ್ ಬೇರೆ ಹೇಳಿದ್ದಾಯಿತು. ಅಂಥ ಕವರ್ ನಿಮ್ಮ ಕ್ಲಾಸಿನ ಅರ್ಧ ಜನಕ್ಕೆ ಬಂದಿರುತ್ತದೆ ಬಿಡು. ದುಡ್ಡು ಕೊಟ್ಟರೆ ಯಾರನ್ನಾದರೂ ಸೇರಿಸಿಕೊಳ್ಳುವ ಕೋರ್ಸು ಯಾವುದು ಅಂತ ಕಾಲೇಜಿನ ಅಡ್ಮಿಶನ್ ಆಫೀಸಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಿನ್ನ ಪಟ್ಟಿಯಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ‘ಎಕನಾಮಿಕ್ಸ್ ಫಾರ್ ಲೀಡರ್ಸ್’. ನಮ್ಮ ಡೇವಿಸ್‌ನಲ್ಲೇ ಆಫೀಸಿರುವ ಫೌಂಡೇಶನ್ ಫಾರ್ ಟೀಚಿಂಗ್ ಎಕನಾಮಿಕ್ಸ್ ಅನ್ನುವ ಸಂಸ್ಥೆಯದು ಅದು. ಸಂಸ್ಥೆ ಶುರುವಾಗಿದ್ದು 1975ರಲ್ಲಿ. ಒಂದು ವಾರದ ಪ್ರೋಗ್ರಾಂ, ಫೀಸೂ ಆ ದೊಡ್ಡ ಹೆಸರಿನವುಗಳ ಹತ್ತಿರಕ್ಕೂ ಬರುವುದಿಲ್ಲ. ಅವರು ಬರೀ ಲೆಕ್ಚರ್ ಕೊಡುವುದಿಲ್ಲ, ಆಟ ಆಡಿಸುತ್ತಾರೆ. ಒಂದು ಆಟದಲ್ಲಿ ಒಬ್ಬೊಬ್ಬರ ಕೈಗೂ ಒಂದು ಪುಟ್ಟ ಚೀಲ ಕೊಡುತ್ತಾರೆ, ಒಳಗೆ ಏನೋ ಚಿಕ್ಕಪುಟ್ಟ ಸಾಮಾನು. ಅದು ನಿನಗೆ ಎಷ್ಟು ಇಷ್ಟ ಅಂತ ಅಂಕ ಹಾಕಬೇಕು. ಮೊದಲು ನಿನ್ನ ಗುಂಪಿನವರ ಜೊತೆ ಮಾತ್ರ ಅದಲುಬದಲು, ಆಮೇಲೆ ಇಡೀ ರೂಮಿನವರ ಜೊತೆ. ಹೊಸದಾಗಿ ಒಂದು ಸಾಮಾನೂ ಬಂದಿಲ್ಲ, ಆದರೂ ಒಟ್ಟು ಅಂಕ ಮಾತ್ರ ಏರುತ್ತಾ ಹೋಗುತ್ತದೆ. ಬಿ.ಕಾಂ.ನಲ್ಲಿ ನಾನು ಡಿಮ್ಯಾಂಡ್ ಕರ್ವ್ ಬಾಯಿಪಾಠ ಮಾಡಿ ಪಾಸಾದವಳು, ವ್ಯಾಪಾರದಿಂದ ಇಬ್ಬರಿಗೂ ಲಾಭ ಅನ್ನೋದನ್ನ ಹೀಗೆ ಯಾರೂ ಹೇಳಿಕೊಡಲಿಲ್ಲ.

ಇನ್ನೊಂದು ಮೀನಿನ ಆಟ. ಮೇಜಿನ ಮೇಲಿರುವ ಕ್ಯಾಂಡಿಯೇ ಮೀನು. ಉಳಿಸಿದರೆ ಮುಂದಿನ ಸುತ್ತಿಗೆ ಮರಿ ಹಾಕುತ್ತದೆ, ಆದರೆ ಪಕ್ಕದವಳು ಬಾಚಿಕೊಳ್ಳುತ್ತಾಳೆ ಅಂತ ಎಲ್ಲರೂ ಮೊದಲ ಸುತ್ತಿನಲ್ಲೇ ಖಾಲಿ ಮಾಡುತ್ತಾರೆ. ಎಲ್ಲರಿಗೂ ಸೇರಿದ್ದು ಹೀಗೆ ಹಾಳಾಗುತ್ತದೆ ಅನ್ನೋದು ಆಟದ ಪಾಠ. ಇಲ್ಲಿ ಒಂದು ವಿಷಯ ನೆನಪಿಟ್ಟುಕೋ. ಅವರ ಪಾಠಗಳಲ್ಲಿ ಮಾರುಕಟ್ಟೆ ಕಡೆಗೆ ಒಲವು ಸ್ವಲ್ಪ ಜಾಸ್ತಿ ಅಂತ ನನಗೆ ಅನ್ನಿಸಿತು. ತಪ್ಪೇನಿಲ್ಲ, ಆದರೆ ಹೋಗುವ ಮುಂಚೆ ಎಲಿನಾರ್ ಆಸ್ಟ್ರಂ ಬಗ್ಗೆ ಓದಿಕೊಂಡು ಹೋಗು. 2009ರಲ್ಲಿ ಎಕನಾಮಿಕ್ಸ್ ನೊಬೆಲ್ ಪಡೆದ ಮೊದಲ ಹೆಂಗಸು. ಲಾಸ್ ಏಂಜಲೀಸಿನ ಯೂನಿವರ್ಸಿಟಿ ಯುಸಿಎಲ್‌ಎಯಲ್ಲಿ ಆಕೆಯನ್ನು ಎಕನಾಮಿಕ್ಸ್ ಪಿಎಚ್.ಡಿ.ಗೆ ಸೇರಿಸಿಕೊಳ್ಳಲಿಲ್ಲ, ಗಣಿತ ಸಾಲದು ಅಂತ. ಹುಡುಗಿಗೆ ಯಾಕೆ ಟ್ರಿಗನಾಮೆಟ್ರಿ ಅಂತ ಶಾಲೆಯಲ್ಲೇ ತಡೆದಿದ್ದರು. (ನಿನ್ನನ್ನು ಯಾರೂ ತಡೆದಿಲ್ಲ, ಕ್ಯಾಲ್ಕುಲಸ್ ಬಿಡುವ ಮಾತು ಎತ್ತಬೇಡ.) ಆಕೆ ರಾಜ್ಯಶಾಸ್ತ್ರಕ್ಕೆ ಸೇರಿ, ಲಾಸ್ ಏಂಜಲೀಸ್ ಕಡೆಯ ಅಂತರ್ಜಲದ ಮೇಲೆ ಥೀಸಿಸ್ ಬರೆದರು. ಎಲ್ಲರೂ ಬೋರ್ ಹಾಕಿ ನೀರೆತ್ತಿ, ಒಳಕ್ಕೆ ಸಮುದ್ರದ ಉಪ್ಪುನೀರು ನುಗ್ಗತೊಡಗಿದಾಗ, ಅಲ್ಲಿನ ಜನರೇ ಕೂತು ಮಿತಿ ಹಾಕಿಕೊಂಡದ್ದನ್ನು ಹತ್ತಿರದಿಂದ ನೋಡಿದರು. ಎಲ್ಲರದೂ ಆದದ್ದು ಹಾಳಾಗಲೇಬೇಕು ಅಂತೇನಿಲ್ಲ, ಜನ ತಾವೇ ಕಟ್ಟಳೆ ಮಾಡಿಕೊಳ್ಳಬಲ್ಲರು ಅನ್ನೋದು ಅವರ ವಾದ. ಕೋಲಾರದ ಕಡೆ ಕೆರೆಗೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ತೂಬು ತೆಗೆದು ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುವವನು. ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು. ತಾತನನ್ನು ಕೇಳು, ಒಂದು ಗಂಟೆ ಹೇಳುತ್ತಾರೆ. ಆ ಮೀನಿನ ಆಟ ಮುಗಿದ ಮೇಲೆ ಕೈ ಎತ್ತಿ ಇದನ್ನು ಹೇಳಿದರೆ ಮೇಷ್ಟ್ರು ಏನು ಉತ್ತರ ಕೊಡುತ್ತಾರೆ ಅಂತ ನನಗೂ ಕುತೂಹಲ.

ಇನ್ನು ಆ ಪ್ರೋಗ್ರಾಂ ಹೆಸರಿನಲ್ಲಿರುವ ಲೀಡರ್‌ಶಿಪ್. ಅಲ್ಲೇ ನನಗೆ ಅನುಮಾನ ಜಾಸ್ತಿ. ಸುಮ್ನೆ ವೇದಿಕೆ ಮೇಲೆ ಯಾರೋ ಸಿಇಒ ಬಂದು ಭಾಷಣ ಮಾಡಿ, ನೀವೆಲ್ಲ ಚಪ್ಪಾಳೆ ತಟ್ಟಿ, ಸೆಲ್ಫಿ ತೆಗೆದುಕೊಂಡು ಬರುವುದಾದರೆ ಬೇಡ. ಲೀಡರ್‌ಶಿಪ್ಪೇ ಬೇಕಾದರೆ ಬ್ಯಾಂಕ್ ಆಫ್ ಅಮೆರಿಕದ ಸ್ಟೂಡೆಂಟ್ ಲೀಡರ್ಸ್‌ಗೆ ಅಪ್ಲೈ ಮಾಡು. ಊರಿನ ಒಂದು ನಾನ್‌ಪ್ರಾಫಿಟ್‌ನಲ್ಲಿ ಎಂಟು ವಾರ ಕೆಲಸ, ಜೊತೆಗೆ ವಾಷಿಂಗ್ಟನ್‌ನಲ್ಲಿ ಒಂದು ಸಮಾವೇಶ, ಅವರೇ ಸಂಬಳ ಕೊಡುತ್ತಾರೆ. ಸಿಗುವುದು ಕಷ್ಟ, ಜನವರಿಯಲ್ಲೇ ಡೆಡ್‌ಲೈನ್. ನೀನು ಇಲ್ಲೇ ಹುಟ್ಟಿದವಳು, ತೊಂದರೆ ಇಲ್ಲ. ಆದರೆ ನಿನ್ನ ಫ್ರೆಂಡ್ ಎಚ್-4 ವೀಸಾದಲ್ಲಿದ್ದಾಳೆ (ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಕೊಡುವುದು), ಸಂಬಳದ ಕೆಲಸ ಮಾಡುವ ಹಾಗಿಲ್ಲ. ಅವಳೆದುರು ಇದನ್ನು ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳು.

ನನ್ನ ಮನಸ್ಸಿನಲ್ಲಿ ಇನ್ನೊಂದಿದೆ, ನೀನು ಮೂಗು ಮುರಿಯುತ್ತೀಯ, ಗೊತ್ತು. ಕಮ್ಯುನಿಟಿ ಕಾಲೇಜಿನ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನ, ಬೇಸಿಗೆ ಮೈಕ್ರೋಎಕನಾಮಿಕ್ಸ್. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲಿನವರಿಗೆ ಟ್ಯೂಷನ್ ಹೆಚ್ಚುಕಡಿಮೆ ಪುಕ್ಕಟೆ, ಪುಸ್ತಕ ಮತ್ತು ಚಿಲ್ಲರೆ ಫೀಸು ಅಷ್ಟೆ. ಕೌನ್ಸೆಲರ್ ಸಹಿ ಬೇಕು. ನಿಜವಾದ ಪರೀಕ್ಷೆ, ನಿಜವಾದ ಗ್ರೇಡು, ಪಕ್ಕದ ಬೆಂಚಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಕೂತಿರುತ್ತಾರೆ. ಕೂಲಿ, ಬಾಡಿಗೆ ಅಂತ ಪಾಠ ಬಂದಾಗ ಅವರು ಕೇಳುವ ಪ್ರಶ್ನೆ ಡಾರ್ಮಿನಲ್ಲಿ ಸಿಗುವುದಿಲ್ಲ. ಒಂದೇ ಎಚ್ಚರಿಕೆ: ಆ ಗ್ರೇಡು ಟ್ರಾನ್ಸ್‌ಕ್ರಿಪ್ಟಿನಿಂದ ಅಳಿಸಿಹೋಗುವುದಿಲ್ಲ.

ಎಕನಾಮಿಕ್ಸ್ ಫಾರ್ ಲೀಡರ್ಸ್, ಈ ಕಾಲೇಜಿನ ಕೋರ್ಸು, ಎರಡೂ ಒಟ್ಟಿಗೆ ಆಗುತ್ತದಾ ಅಂತ ಕೇಳಬೇಡ, ದಿನಾಂಕ ನೋಡಿ ನೀನೇ ಹೇಳು. ಯಾವುದಕ್ಕೂ ದುಡ್ಡು ಕಟ್ಟುವ ಮುಂಚೆ ಎಂಐಟಿ ಯೂನಿವರ್ಸಿಟಿಯ 14.01 ಅನ್ನುವ ಮೈಕ್ರೋಎಕನಾಮಿಕ್ಸ್ ಕೋರ್ಸಿನ ಮೊದಲ ಎರಡು ಮೂರು ಪಾಠ ನೋಡು, ಜೊನಾಥನ್ ಗ್ರೂಬರ್ ಮಾಡಿದ್ದು, ಪುಕ್ಕಟೆ ಇದೆ. ಬೋರ್ ಹೊಡೆದರೆ ಹೇಳಿಬಿಡು, ಯಾರೂ ಬೈಯುವುದಿಲ್ಲ, ಬೇಸಿಗೆಗೆ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡು, ಅದೂ ಎಕನಾಮಿಕ್ಸೇ. ಹಿಡಿಸಿದರೆ ಆ ಪ್ರೋಗ್ರಾಂನವರಿಗೆ ಒಂದು ಮೇಲ್ ಹಾಕು, ನಾನಲ್ಲ, ನೀನೇ. ಪಾಠ ಮಾಡುವವರು ಯಾರು, ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಇರುತ್ತದೆ, ಫೈನಾನ್ಶಿಯಲ್ ಏಡ್ ಉಂಟಾ, ಬರಲಾಗದಿದ್ದರೆ ದುಡ್ಡು ವಾಪಸ್ ಬರುತ್ತದಾ, ಇಷ್ಟು ಕೇಳು. ನೆಟ್ಟಗೆ ಉತ್ತರ ಕೊಡದವರನ್ನು ಪಟ್ಟಿಯಿಂದ ಹೊಡೆದುಹಾಕು.

ಜುಲೈ ಕೊನೆಯ ಎರಡು ವಾರ ಮುಟ್ಟಬೇಡ, ಕೋಲಾರಕ್ಕೆ ಟಿಕೆಟ್ ಆಗಿದೆ. ಭಾನುವಾರದೊಳಗೆ ಎರಡು ಹೆಸರು ಹೇಳು, ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಅಮ್ಮ