ಪುಟ್ಟಿಗೆ ಕಾಲುವೆಯಲ್ಲಿ ಏನು ಕೆಲಸ

ಪ್ರೀತಿಯ ಅಕ್ಕ,

ನಾವು ಹೋಗೋ ಕಾಲುವೆ ಪ್ರವಾಸದಲ್ಲಿ, ದಿನವೆಲ್ಲ ದೋಣಿಯಲ್ಲಿ ಪುಟ್ಟಿಗೆ ಬೇಜಾರಾಗಲ್ವಾ ಅಂತ ನೀನು ಕೇಳಿದ್ದೆ. ಕೆಲಸ ಕೊಟ್ಟರೆ ಆಗಲ್ಲ.

ಎದ್ದು ಹಲ್ಲುಜ್ಜಿದ ಮೇಲೆ ಲೈಫ್ ಜಾಕೆಟ್ ಹಾಕಿದರೆ ಸಂಜೆವರೆಗೂ ತೆಗೆಯುವ ಹಾಗಿಲ್ಲ. ತೊಡೆಸಂದಿಯ ಪಟ್ಟಿ ಸಡಿಲವಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಸರಿದು ಮುಖ ಮುಚ್ಚುತ್ತೆ, ನೋಡಿಕೋ. ಕಾಲುವೆ ಆಳವೇನಿಲ್ಲ, ಹೆದರಬೇಕಾದ್ದು ದೋಣಿಗೆ. ಹತ್ತು ಹದಿನೈದು ಟನ್ ಉಕ್ಕು. ಗೋಡೆಗೂ ಅದಕ್ಕೂ ನಡುವೆ ಕೈಕಾಲು ಚಾಚಿದರೆ ಜಜ್ಜಿಹೋಗುತ್ತೆ.

ವೇಲ್ಸಿನ ಟ್ರೆವರ್‌ನಿಂದ ಹೊರಟ ಕೂಡಲೇ ಪಾಂಟ್‌ಕಸಲ್ತೆ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ಹೊತ್ತ ಸೇತುವೆ. 1805ರದ್ದು. ಡೀ ನದಿಯಿಂದ 38 ಮೀಟರ್ ಮೇಲೆ, 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ. ಒಂದು ಪಕ್ಕ ಕಾಲುದಾರಿ, ಕಂಬಿ. ಇನ್ನೊಂದು ಪಕ್ಕ ಏನೂ ಇಲ್ಲ, ತೊಟ್ಟಿಯ ಅಂಚು ನೀರಿಗಿಂತ ಗೇಣೂ ಮೇಲಿಲ್ಲ! ಇಲ್ಲಿ ಅವಳು ಒಳಗೆ ಕೂತು ಕಿಟಕಿಯಿಂದ ನೋಡಲಿ, ಇಲ್ಲ ನಿನ್ನ ಕೈ ಹಿಡಿದು ಕಾಲುದಾರಿಯಲ್ಲಿ ನಡೆಯಲಿ. ದೋಣಿಗಿಂತ ಮುಂಚೆ ತಲುಪುತ್ತೀರಿ.

ಚರ್ಕ್ ಸುರಂಗ 421 ಮೀಟರ್, ಒಂದೇ ದೋಣಿ ಹಿಡಿಸುತ್ತೆ. ಬಾಯಲ್ಲಿ ನಿಂತು ಎದುರಿನ ದೀಪ ಕಾಣುತ್ತಾ ಅಂತ ನೋಡಿ ಹೇಳೋದು ಪುಟ್ಟಿ ಪಾಲು.

ಆಮೇಲೆ ನ್ಯೂ ಮಾರ್ಟನ್‌ನ ಎರಡು ಲಾಕ್. ಲಾಕ್ ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿ ಏರಿಸಿ ಇಳಿಸುವ, ಎರಡು ತುದಿಗೂ ಬಾಗಿಲಿರುವ ತೊಟ್ಟಿ. ನಾವು ಇಳಿಯುವ ಕಡೆಯವರು. ದೋಣಿ ಒಳಗೆ ಬಂದ ಮೇಲೆ ಮೇಲಿನ ಬಾಗಿಲು, ಮೇಲಿನ ತೂಬು ಎರಡೂ ಮುಚ್ಚಬೇಕು. ಆಮೇಲೆ ಕೆಳಗಿನ ತೂಬು ಎತ್ತೋದು, ನಮ್ಮ ಕೆರೆಯದೇ ಲೆಕ್ಕ. ನೀರು ಇಳಿದಂತೆ ಮೇಲಿನ ಬಾಗಿಲ ಬುಡದಲ್ಲಿ ಹೊಸ್ತಿಲು ಎದ್ದು ಬರುತ್ತೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಮಾತ್ರ ಇಳಿದು ನೀರು ನುಗ್ಗುತ್ತೆ. ದೋಣಿಗಳು ಮುಳುಗೋದು ಹೀಗೆಯೇ. ಹೊಸ್ತಿಲು ಎಲ್ಲಿವರೆಗಿದೆ ಅಂತ ತೋರಿಸೋಕೇ ಗೋಡೆ ಮೇಲೆ ಬಿಳಿ ಗೆರೆ. ಪುಟ್ಟಿ ನಿನ್ನ ಪಕ್ಕ ದಡದಲ್ಲಿ ನಿಂತು ಆ ಗೆರೆ ಕಾಯಲಿ; ದೋಣಿ ಗೆರೆಗಿಂತ ಹಿಂದೆ ಸರಿದರೆ ಕೂಗಲಿ, ತೂಬು ತಕ್ಷಣ ಇಳಿಸುತ್ತೇವೆ.

ತೂಬಿನ ಕೈಹಿಡಿ ಮಾತ್ರ ಅವಳಿಗೆ ಬೇಡ. ಕೊಕ್ಕೆ ಜಾರಿದರೆ ಗಿರ್ರನೆ ತಿರುಗಿ ಕೈ ಮುರಿಯುತ್ತೆ. ಬಾಗಿಲಿಂದ ದಡಕ್ಕೆ ಚಾಚಿರೋ ತೊಲೆಗೆ ಬೆನ್ನು ಕೊಟ್ಟು ತಳ್ಳಲಿ. ಎರಡು ಕಡೆ ನೀರು ಸಮವಾಗುವ ತನಕ ಪೈಲ್ವಾನನಿಗೂ ಅದು ಅಲುಗಲ್ಲ, ಸಮವಾದರೆ ಎಂಟು ವರ್ಷದವಳಿಗೂ ಸರಿಯುತ್ತೆ.

ಬಾತುಕೋಳಿಗೆ ಬ್ರೆಡ್ ಬೇಡ, ಒಂದು ಹಿಡಿ ಓಟ್ಸ್ ಸಾಕು.

ಸಂಜೆ ದಡಕ್ಕೆ ಗೂಟ ಹೊಡೆದು ದೋಣಿ ಕಟ್ಟಿದ ಮೇಲೆ, ಕತ್ತಲಲ್ಲಿ ಯಾರೂ ಎಡವದ ಹಾಗೆ ಗೂಟಕ್ಕೆ ಬಿಳಿ ಚೀಲ ಕಟ್ಟೋದು ಅವಳ ಕೊನೆಯ ಕೆಲಸ.

ಹವಾಯಿ ಚಪ್ಪಲಿ ತರಬೇಡ, ಒದ್ದೆ ಉಕ್ಕಿನ ಮೇಲೆ ಜಾರುತ್ತೆ. ಚಟ್ನಿಪುಡಿ ಮರೀಬೇಡ.

ನಿನ್ನ ತಮ್ಮ