ಕರಿಬೇವಿನ ಗಿಡದಲ್ಲಿ ಹುಳದ ಪಾಲು

ಧಾರವಾಡ
ಮೇ 27, 2020

ಪ್ರೀತಿಯ ದೋಸ್ತಾ,

ನಿನ್ನೆ ಫೋನಿನಲ್ಲಿ ನೀನು "ಎರಡು ತಿಂಗಳಾತು, ಮನ್ಯಾಗ ಕುಂತು ಏನ್ ಮಾಡಾಕತ್ತೀಲೇ?" ಅಂದೆ. "ಹುಳ ಕಾಯಾಕತ್ತೀನಿ" ಅಂತ ನಾನಂದೆ. ನೀನು ನಕ್ಕು ಮಾತು ಬದಲಿಸಿಬಿಟ್ಟೆ. ನಾನೇನು ಚ್ಯಾಷ್ಟಿ ಮಾಡಿರಲಿಲ್ಲ. ಪೂರ್ತಿ ಹೇಳೋಣ ಅಂದರೆ ಪುಣೆಯ ನಿನ್ನ ನೆಟ್‌ವರ್ಕು ಎರಡು ನಿಮಿಷ ನಿಲ್ಲುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಈ ಸಲ ಲಾಕ್‌ಡೌನ್ ಶುರುವಾದದ್ದೇ ಯುಗಾದಿಯ ದಿನ, ಮಾರ್ಚ್ 25ಕ್ಕೆ. ಅವ್ವ ಎಂದಿನಂತೆ ಹೋಳಿಗೆ ಮಾಡಿದ್ದಳು. ಬರುವವರಿಲ್ಲ, ಕೊಡಲು ಹೋಗುವಂತಿಲ್ಲ. ಮೂರು ದಿನ ನಾವಿಬ್ಬರೇ ತಿಂದೆವು. 21 ದಿನ ಅಂದದ್ದು ಆಮೇಲೆ ಬೆಳೆಯುತ್ತಲೇ ಹೋಯಿತು. ಹುಬ್ಬಳ್ಳಿಯ ಆಫೀಸು ಬಂದ್. ಪಗಾರ ಅರ್ಧ. ಅದರ ಸುದ್ದಿ ಬೇಡ, ಬಿಡು. ಚಿಗರಿ ಬಸ್ಸುಗಳೂ ನಿಂತವು. (ನಮ್ಮ ಕಡೆಯ ಸಣ್ಣ ಹುಡುಗರಿಗೆ ಈಗ ಚಿಗರಿ ಅಂದರೆ ಎಸಿ ಬಸ್ಸು. ನಾಲ್ಕು ಕಾಲಿನ ಚಿಗರಿ, ಅಂದರೆ ಕೃಷ್ಣಮೃಗ, ತೋರಿಸಬೇಕಾದರೆ ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಕರೆದೊಯ್ಯಬೇಕು.)

ಗಾಡಿಗಳ ಸದ್ದು ನಿಂತ ಮೇಲೆ ಮನೆಯ ಹಿಂದಿನಿಂದ ದಿನಾ ಬೆಳಿಗ್ಗೆ ಟುಕ್ ಟುಕ್ ಟುಕ್ ಅಂತ ಕೇಳತೊಡಗಿತು. ಯಾರೋ ತಾಮ್ರದ ಹಂಡೆ ಬಡಿಯುತ್ತಿದ್ದಾರೆ ಅಂದುಕೊಂಡೆ. ಎಲ್ಲಾ ಬಂದ್ ಇರುವಾಗ ಇವನ್ಯಾವ ಕಂಚುಗಾರ? ಮೂರು ದಿನ ಹುಡುಕಿದೆ. ಬೇವಿನ ಮರದ ತುತ್ತತುದಿಯ ಒಣ ಟೊಂಗೆಯ ಮೇಲೆ, ಗುಬ್ಬಿಗಿಂತ ಸ್ವಲ್ಪ ದಪ್ಪನೆಯ ಹಸಿರು ಹಕ್ಕಿ. ಹಣೆ ಕೆಂಪು, ಕಣ್ಣ ಸುತ್ತ ಹಳದಿ. ಕೂಗುವಾಗ ತಲೆಯನ್ನು ಅತ್ತ ಇತ್ತ ತಿರುಗಿಸುತ್ತದೆ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದೇ ಇಲ್ಲ. ಅದಕ್ಕೆ ಕಂಚುಗಾರ ಹಕ್ಕಿ ಅಂತಲೇ ಹೆಸರಂತೆ! ಇದೇ ಮನೆಯಲ್ಲಿ ನಲವತ್ತು ವರ್ಷ ಇದ್ದೇನೆ. ಈ ಹೆಸರು ಗೊತ್ತಾದದ್ದು ಈಗ.

ಇನ್ನು ಹುಳದ ಕಥೆ.

ನಮ್ಮ ಹಿತ್ತಲ ನೀನು ನೋಡಿದ್ದೇ. ಒಂದು ಪೇರಲ, ಒಂದು ದಾಸವಾಳ, ಅರಿವಿ ಒಗೆಯುವ ಕಲ್ಲು, ಅದರ ಪಕ್ಕ ಎದೆಮಟ್ಟದ ಕರಿಬೇವು. ಸಂತೆ ಇಲ್ಲದ ಆ ದಿನಗಳಲ್ಲಿ ತಳ್ಳುಗಾಡಿಯವನು ಉಳ್ಳಾಗಡ್ಡಿ, ಬದನೆಕಾಯಿ ತರುತ್ತಿದ್ದ, ಕರಿಬೇವು ಮಾತ್ರ ತರುತ್ತಿರಲಿಲ್ಲ. ನಮ್ಮ ಮನೆಗೂ ಆಚೀಚೆಯ ಎರಡು ಮನೆಗಳಿಗೂ ಈ ಒಂದೇ ಗಿಡ. ಏಪ್ರಿಲ್ ಕೊನೆಯ ವಾರ ಒಂದು ಬೆಳಿಗ್ಗೆ ಅವ್ವ ನಾಲ್ಕು ಎಸಳು ಹರಿದು ತಂದು, "ಎಲಿ ಮ್ಯಾಲೆ ಹಕ್ಕಿ ಹೇತೈತಿ, ತೊಳಕೊಂಡ ಬಾ" ಅಂತ ನನ್ನ ಕೈಗಿಟ್ಟಳು. ನಲ್ಲಿಯ ಕೆಳಗೆ ಹಿಡಿಯಬೇಕು, ಅಷ್ಟರಲ್ಲಿ ಆ ಹಿಕ್ಕೆ ನಡೆಯತೊಡಗಿತು!

ಮರಿಹುಳ ಅದು. ಕಪ್ಪು, ನಡುವೆ ಬಿಳಿ ಪಟ್ಟೆ, ಮೈಯೆಲ್ಲ ಜಿಗಿಜಿಗಿ. ಹಿಕ್ಕೆಯ ವೇಷ ಹಾಕಿಕೊಂಡು ಕೂತರೆ ಯಾವ ಹಕ್ಕಿಯೂ ತಿನ್ನುವುದಿಲ್ಲ ಅನ್ನುವ ಲೆಕ್ಕ. ಗಿಡದ ಹತ್ತಿರ ಹೋಗಿ ನೋಡಿದರೆ ಇನ್ನೂ ಐದು ಇದ್ದವು. ಒಂದು ವಾರ ಕಳೆಯುವುದರಲ್ಲಿ ಪೊರೆ ಬಿಟ್ಟು ಬಿಟ್ಟು ಎಲ್ಲವೂ ಹಚ್ಚಹಸಿರಾದವು, ನನ್ನ ಕಿರುಬೆರಳಿನಷ್ಟು ಉದ್ದ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೋಡು ಸರಕ್ಕನೆ ಹೊರಗೆ ಬರುತ್ತಿದ್ದವು, ಜೊತೆಗೆ ಒಂಥರಾ ಹುಳಿ ವಾಸನೆ. ಇರುವೆ, ಜೇಡ ಹತ್ತಿರ ಬರಬಾರದು ಅಂತ. ನಾನು ದಿನಕ್ಕೆ ಒಮ್ಮೆಯಾದರೂ ಮುಟ್ಟಿ ನೋಡುತ್ತಿದ್ದೆ. ತಪ್ಪು. ಆದರೂ ಕೈ ಸುಮ್ಮನಿರುತ್ತಿರಲಿಲ್ಲ.

ಅವ್ವನಿಗೆ ಇದೆಲ್ಲ ಸರಿ ಬರಲಿಲ್ಲ. "ಒಗ್ಗರಣಿಗೆ ಎಲಿ ಇಲ್ಲ, ನೀ ನೋಡಿದ್ರ ಹುಳದ ಬಾಣಂತನ ಮಾಡಾಕತ್ತೀಯಲ್ಲೋ" ಅಂತ ಬೈದಳು. ಅವಳು ಹೇಳಿದ್ದರಲ್ಲೂ ತಪ್ಪಿಲ್ಲ. ಒಂದು ಹುಳ ಒಂದು ಹಗಲಿನಲ್ಲಿ ಒಂದು ಎಸಳು ಬರೀ ಕಡ್ಡಿ ಮಾಡಿಬಿಡುತ್ತದೆ. ಎರಡು ದಿನ ಜಗಳವಾಯಿತು. ಕೊನೆಗೆ ಹಿರಿಯರು ಹೊಲ ಪಾಲು ಮಾಡುವಂತೆ ಗಿಡ ಪಾಲಾಯಿತು. ಅವ್ವ ಹಳೆಯ ಸೀರೆಯ ಕೆಂಪು ಅಂಚು ಹರಿದು ಪಡುವಣ ಕಡೆಯ ಟೊಂಗೆಗೆ ಕಟ್ಟಿದಳು. ಅದು ಹುಳದ ಪಾಲು, ಉಳಿದದ್ದು ಒಗ್ಗರಣೆಯದು. ಗಡಿ ದಾಟಿದ ಹುಳವನ್ನು ಎತ್ತಿ ವಾಪಸ್ಸು ಬಿಡುವ ಕೆಲಸ ನನಗೆ.

ಆರರಲ್ಲಿ ನಾಲ್ಕು ಹುಳ ಎಲ್ಲಿ ಹೋದವೋ ಗೊತ್ತಿಲ್ಲ. ಪಿಕಳಾರ ಹಕ್ಕಿ ದಿನಾ ಬಂದು ಹೋಗುತ್ತಿತ್ತು, ನಾನು ಅದರ ಮೇಲೆ ತಪ್ಪು ಹೊರಿಸಿದ್ದೇನೆ. ಐದನೆಯದೂ ಹಾಗೇ ಹೋಯಿತು. ಉಳಿದ ಒಂದು ಮೇ 8ಕ್ಕೆ ತಿನ್ನುವುದು ಬಿಟ್ಟು ಕಾಂಡಕ್ಕೆ ಅಂಟಿ ಕೂತಿತು. ಮರುದಿನ ನೋಡಿದರೆ ಕೋಶವಾಗಿತ್ತು. ಬಾಲ ಕಾಂಡಕ್ಕೆ ಅಂಟಿದೆ, ನಡುವಿಗೆ ತಾನೇ ನೂತ ಒಂದು ಎಳೆಯ ಉಡದಾರ, ಅದಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ವಾಲಿಕೊಂಡಿದೆ. ಕರೆಂಟಿನ ಕಂಬ ಹತ್ತಿದ ಲೈನ್‌ಮನ್ ಬೆಲ್ಟಿಗೆ ಒರಗಿ ನಿಲ್ಲುತ್ತಾನಲ್ಲ, ಥೇಟ್ ಹಾಗೆ.

ಹುಳಕ್ಕೆ ಕೆಲಸವಿಲ್ಲ, ನನಗೂ ಇಲ್ಲ. ಅಷ್ಟರಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದರಿಂದ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ನಡೆಯಲು ಶುರು ಮಾಡಿದೆ. ಸಾಧನಕೇರಿ ದಾಟಿ, ಗೋವಾ ರಸ್ತೆ ಹಿಡಿದು, ಕೆಲಗೇರಿ ಕೆರೆಯ ತನಕ. ದಾರಿಯಲ್ಲಿ ಒಂದು ಬಯಲಿದೆ, ಹುಡುಗರು ಕ್ರಿಕೆಟ್ ಆಡುವ ಜಾಗ. ಈಗ ಆಡುವವರಿಲ್ಲ. ಅಡ್ಡ ಹಾಯ್ದು ಹೋಗುತ್ತಿದ್ದೆ. ಒಂದು ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಒಂದೇ ಸಮನೆ ಕಿರುಚತೊಡಗಿತು. ಕಾಲ ಕೆಳಗೆ ನೋಡಿಕೊಂಡೆ. ಪಿಚ್ಚಿನ ಪಕ್ಕ, ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ. ಮಣ್ಣಿನ ಬಣ್ಣಕ್ಕೆ ಕಪ್ಪು ಚುಕ್ಕೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿದೇಬಿಡುತ್ತಿದ್ದೆ.

ಇಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ಯಾರೂ ತುಳಿಯದಿರಲಿ ಅಂತ ಸುತ್ತ ಕಲ್ಲು ಜೋಡಿಸಿ ಬಂದೆ. ಮರುದಿನ ಹೋದರೆ ಮೊಟ್ಟೆ ಮೂರೇ. ಕಲ್ಲಿನ ಮೇಲೊಂದು ಕಾಗೆ ಕೂತಿತ್ತು. ಯಾರ ಕಣ್ಣಿಗೂ ಬೀಳಬಾರದು ಅಂತಲೇ ಟಿಟ್ಟಿಭ ಬಯಲಲ್ಲಿಟ್ಟ ಮೊಟ್ಟೆ, ನಾನು ಹೋಗಿ ಗುರುತು ಹಾಕಿ ಬಂದಿದ್ದೆ. ಕಲ್ಲೆಲ್ಲ ತೆಗೆದು ದೂರ ಎಸೆದೆ. ಆ ದಿನ ಸರಿಯಾಗಿ ಊಟ ಸೇರಲಿಲ್ಲ.

ಈಗ ರಸ್ತೆಯ ಈಚೆಯ ಕಟ್ಟೆಯಿಂದಲೇ ನೋಡುತ್ತೇನೆ, ಅಪ್ಪನ ಹಳೆಯ ದುರ್ಬೀನು ಹಿಡಿದು. ಬಿಸಿಲು ಏರಿದ ಹಾಗೆ ಹಕ್ಕಿ ಕೆರೆಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ತಂಪು ಮಾಡುವುದಕ್ಕೆ! ಕಾವು ಕೊಡುವುದು ಗೊತ್ತಿತ್ತು, ಹಕ್ಕಿ ಮೊಟ್ಟೆಗೆ ತಂಪೂ ಕೊಡುತ್ತದೆ ಅಂತ ಗೊತ್ತಿರಲಿಲ್ಲ. ಮರಿ ಆಗಲು ನಾಲ್ಕು ವಾರ ಬೇಕಂತೆ. ಅಲ್ಲಿಯ ತನಕ ಕ್ರಿಕೆಟ್ ಶುರುವಾಗದಿದ್ದರೆ ಸಾಕು.

ನೆನಪಿದೆಯಾ, ಒಂದು ಜನವರಿಯಲ್ಲಿ ಗಾಡಿ ಮಾಡಿಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆವು? ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನೋಡಲು. ಅರ್ಧ ತಾಸು ನೋಡಿದೆವು, ನೂರಾರು ಫೋಟೊ ತೆಗೆದೆವು, ಲಕ್ಷ್ಮೇಶ್ವರದಲ್ಲಿ ಗಿರ್ಮಿಟ್ಟು ಮಿರ್ಚಿ ತಿಂದು ವಾಪಸ್ಸಾದೆವು. ಈಗ ನೆನೆದರೆ ಗಿರ್ಮಿಟ್ಟಿನ ರುಚಿಯೇ ಜಾಸ್ತಿ ನೆನಪಿದೆ.

ಇದನ್ನೆಲ್ಲ ಬರೆಯುವಾಗ ಸ್ವಲ್ಪ ಮುಜುಗರವೂ ಆಗುತ್ತದೆ. ಗಂಟುಮೂಟೆ ಹೊತ್ತು, ಕೂಸು ಎತ್ತಿಕೊಂಡು ಊರಿಗೆ ನಡೆದು ಹೋದವರನ್ನು ಟೀವಿಯಲ್ಲಿ ನಾವಿಬ್ಬರೂ ನೋಡಿದ್ದೇವೆ. ಹುಳ ನೋಡುತ್ತಾ ಕೂರಬೇಕಾದರೆ ಹಿತ್ತಲ ಬೇಕು, ಡಬ್ಬಿಯಲ್ಲಿ ಜೋಳದ ಹಿಟ್ಟು ಇರಬೇಕು. ನನಗೆ ಎರಡೂ ಇದ್ದವು. ಖುಷಿಯಾಗಿದ್ದೆ ಅಂತ ನಿನ್ನ ಮುಂದೆ ಹೇಳಬಹುದು, ಎಲ್ಲರ ಮುಂದೆ ಹೇಳಲು ಬಾಯಿ ಬರುವುದಿಲ್ಲ.

ಮೇ 18, ಸೋಮವಾರ. ಹಿಂದಿನ ಸಂಜೆಯೇ ಕೋಶ ಕಪ್ಪಗಾಗಿ, ಒಳಗಿನ ರೆಕ್ಕೆಯ ಚುಕ್ಕೆ ಹೊರಗೆ ಕಾಣುತ್ತಿತ್ತು. ಬೆಳಿಗ್ಗೆ ಆರಕ್ಕೇ ಗಿಡದ ಮುಂದೆ ಕೂತೆ. ಏಳಾದರೂ ಏನೂ ಇಲ್ಲ. ಹಾಲು ತರಲು ಹೋದೆ. ಹದಿನೈದು ನಿಮಿಷ ಅಷ್ಟೇ. ವಾಪಸ್ಸು ಬಂದರೆ ಅವ್ವ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ, ಕೈಯಲ್ಲಿ ಚಹಾ ಆರಿಹೋಗಿದೆ. "ಗಪ್ಪ ಕೂಡು" ಅಂದಳು.

ಹತ್ತು ದಿನ ಕಾದವನು ನಾನು, ಕಂಡದ್ದು ಅವಳಿಗೆ. "ಮೊದಲ ತಲಿ ಬಂತು. ಆಮ್ಯಾಲೆ ರೆಕ್ಕಿ ಬಂದ್ವು ನೋಡು, ಹಿಂಡಿದ ಅರಿವಿ ಹಂಗ" ಅಂತ ಪಿಸುಗುಟ್ಟಿದಳು. ನಾನು ನೋಡುವಾಗ ಪಾತರಗಿತ್ತಿ ಖಾಲಿ ಕೋಶಕ್ಕೇ ಜೋತುಬಿದ್ದು ರೆಕ್ಕೆ ಒಣಗಿಸುತ್ತಿತ್ತು. ಕಪ್ಪಿನ ಮೇಲೆ ತಿಳಿಹಳದಿ ಚುಕ್ಕೆ, ಹಿಂದಿನ ರೆಕ್ಕೆಯ ಮೂಲೆಯಲ್ಲಿ ಕೆಂಪು ಬೊಟ್ಟು. ಒಂಬತ್ತರ ಹೊತ್ತಿಗೆ ಒಮ್ಮೆ ರೆಕ್ಕೆ ಬಿಚ್ಚಿ ಮುಚ್ಚಿತು. ದಾಸವಾಳದ ಮೇಲೆ ಹಾಯ್ದು ಕಂಪೌಂಡು ದಾಟಿತು.

"ಹೋತು" ಅಂದಳು ಅವ್ವ. ಸ್ವಲ್ಪ ಹೊತ್ತಾದ ಮೇಲೆ, "ಏನೂ ತಿನ್ನದ ಹೋತು ನೋಡು" ಅಂದಳು.

ಮೊನ್ನೆ ಅಡ್ಡಮಳೆ ಆಯಿತು. ಕರಿಬೇವು ಚಿಗುರಿದೆ. ನಿನ್ನೆ ಅವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆ ತಿರುವಿ ನೋಡುತ್ತಿದ್ದಳು. ಸಾಸಿವೆಯಷ್ಟೇ ದುಂಡಗಿನ ಹಳದಿ ಮೊಟ್ಟೆ, ಮೂರು. ಇವತ್ತು ಬೆಳಿಗ್ಗೆ ನೋಡಿದರೆ ಎರಡನೇ ಟೊಂಗೆಗೂ ಕೆಂಪು ಅಂಚು ಕಟ್ಟಿದೆ. "ಅವ್ವ, ಇದು ಯಾರ ಪಾಲು? ಒಗ್ಗರಣಿಗೆ ಏನು ಮಾಡ್ತಿ?" ಅಂತ ಕೇಳಿದೆ.

"ಈಗ ಬಜಾರ ತೆರದೈತಲ್ಲ, ಎರಡು ರೂಪಾಯಿದು ತಗೊಂಡ ಬಾ" ಅಂದಳು.

ನಿನ್ನ
ದೋಸ್ತ